ಆಲೆಮನೆ ಸೊಸೆಯ ಸಕ್ಕರೆ

ನಮ್ಮ ಆಸ್ಪತ್ರೆಗೆ ಬರುವ ಹೆಂಗಸರಿಗೆ ಸೊಂಟದ ಕೆಳಗೆ ಏನೇ ಆಗಲಿ, ಅದಕ್ಕೆ ಹೆಸರು ಒಂದೇ: ಈಟು, ಅಂದರೆ ಹೀಟು, ಮೈಯ ಉಷ್ಣ. ಉರಿಯಾದರೂ ಈಟು, ನವೆಯಾದರೂ ಈಟು, ಬಿಳಿ ಹೋದರೂ ಈಟು. ನಾನು ಓದಿದ ಪುಸ್ತಕದಲ್ಲಿ ಈ ಈಟು ಮುಖ್ಯವಾಗಿ ಮೂರು ಬಗೆಯ ಸೋಂಕು. ಫಂಗಸ್ಸಿನಿಂದ ಬರುವುದು ಒಂದು. ಅಲ್ಲಿ ಸಹಜವಾಗಿ ಇರುವ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿ ಬರುವುದು ಇನ್ನೊಂದು. ಗಂಡ ಹೆಂಡತಿಯ ನಡುವೆ ದಾಟಿಕೊಂಡು ಓಡಾಡುವ ಒಂದು ಏಕಕೋಶ ಜೀವಿಯಿಂದ ಬರುವುದು ಮತ್ತೊಂದು. ಮೊದಲನೆಯದಕ್ಕೆ ಕೊಡುವ ಔಷಧಿ ಉಳಿದೆರಡಕ್ಕೆ ನಾಟುವುದಿಲ್ಲ. ಮೂರನೆಯದಕ್ಕೆ ಗಂಡನಿಗೂ ಮಾತ್ರೆ ನುಂಗಿಸದಿದ್ದರೆ ಹೆಂಡತಿಗೆ ಕೊಟ್ಟದ್ದೆಲ್ಲ ನೀರಿಗೆ ಹಾಕಿದಂತೆ. ಪುಸ್ತಕದಲ್ಲಿ ಇವು ಮೂರೂ ಬೇರೆ ಬೇರೆ ಬಣ್ಣದ ಚಿತ್ರಗಳಾಗಿ ಅಚ್ಚುಕಟ್ಟಾಗಿ ಕೂತಿರುತ್ತವೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿರುವ ನಮ್ಮ ಆರೋಗ್ಯ ಕೇಂದ್ರದೊಳಗೆ ಅವು ಹಾಗೆ ಕೂತು ಬರುವುದಿಲ್ಲ.

ಆ ವರ್ಷ ಕಬ್ಬು ಅರೆಯುವ ಕಾಲ ಶುರುವಾಗಿತ್ತು. ಒಂದು ಬೆಳಿಗ್ಗೆ ನನ್ನ ಕೋಣೆಗೆ ಅತ್ತೆ ಸೊಸೆ ಬಂದರು. ಅತ್ತೆ ಮುಂದೆ, ಸೊಸೆ ಹಿಂದೆ. ಅವರದು ಸ್ವಂತ ಜಮೀನು, ಸ್ವಂತ ಆಲೆಮನೆ. ಮಗ ಒಲೆ ಮತ್ತು ಕೊಪ್ಪರಿಗೆ ನೋಡಿಕೊಳ್ಳುತ್ತಾನೆ. ಸೊಸೆ ಪಾಕವನ್ನು ಅಚ್ಚಿಗೆ ಹುಯ್ದು, ಆರಿದ ಬೆಲ್ಲವನ್ನು ಬಿಡಿಸಿ ಜೋಡಿಸುತ್ತಾಳೆ. ಇದನ್ನೆಲ್ಲ ಹೇಳಿದ್ದು ಅತ್ತೆಯೇ. ಸೊಸೆ ಬಾಗಿಲ ಪಕ್ಕ ನಿಂತೇ ಇದ್ದಳು, ಕೂರು ಎಂದರೂ ಕೂರಲಿಲ್ಲ.

"ಇವ್ಳ್ಗೆ ಬಿಳೀದು ಓಯ್ತದೆ ಕಣವ್ವ. ವರ್ಸಾತು. ಮೆಡಿಕಲ್ ಸ್ಟೋರ್‌ನಿಂದ ಗುಳ್ಗೆ ತಂದ್ಕೊಟ್ಟೊ, ಎಳ್ನೀರು ಕುಡ್ಸಿದೊ, ನೆತ್ತಿಗೆ ಅರಳೆಣ್ಣೆ ಆಕಿದೊ. ಒಲೆ ಮುಂದಿನ್ ಈಟು ನೋಡು, ಇಳೀನೇ ಇಲ್ಲ. ಅದ್ಕೇ ಗರ್ಭಕೋಸ್ವೇ ತಗ್ಸಿಬುಡವ ಅಂತ ಮಂಡ್ಯಕ್ಕೆ ಕರ್ಕೊಂಡೋಗಿದ್ದೆ."

"ಅವಳ ವಯಸ್ಸೆಷ್ಟು?" ಎಂದೆ.

"ಮೂವತ್ ತುಂಬಿಲ್ಲ. ಒಂದ್ ಎಣ್ಮಗ ಅದೆ, ಇಸ್ಕೂಲ್ಗೋಯ್ತದೆ."

ನನಗೆ ತಲೆ ಬಿಸಿಯಾಯಿತು. ಬಿಳಿ ಹೋಗುತ್ತದೆ ಎಂದು ಮೂವತ್ತು ತುಂಬದ ಹೆಂಗಸಿನ ಗರ್ಭಕೋಶ ತೆಗೆಯುವುದು, ನೆಗಡಿಯಾಯಿತೆಂದು ಮೂಗು ಕುಯ್ಯುವಂಥ ಕೆಲಸ. ಅದನ್ನು ಹಾಗೆಯೇ ಹೇಳಿದೆ. ಅತ್ತೆ ಜಗ್ಗಲಿಲ್ಲ. ಅವರ ಬೀದಿಯಲ್ಲಿ ತೆಗೆಸಿಕೊಂಡವರೆಲ್ಲ ಗುಂಡುಕಲ್ಲಿನ ಹಾಗೆ ಇದ್ದಾರಂತೆ. ಮಂಡ್ಯದ ನರ್ಸಿಂಗ್ ಹೋಮಿನವರು ಒಪ್ಪಿಯೂ ಆಗಿತ್ತು. ತಡೆದದ್ದು ಒಂದೇ. ಅಲ್ಲಿ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ವಿಪರೀತ ಇತ್ತು. ಅದು ಇಳಿಯಲಿ, ಆಮೇಲೆ ಆಪರೇಷನ್ ಎಂದು ವಾಪಸ್ಸು ಕಳಿಸಿದ್ದರು. ಸಕ್ಕರೆ ಮಾತ್ರೆ ನಮ್ಮಲ್ಲಿ ಸಿಗುತ್ತದೆಂದು ಇಲ್ಲಿಗೆ ಬಂದಿದ್ದರು. ಬಿಳಿ ಹೋಗುವುದಕ್ಕೆ ಅವರು ನನ್ನ ಹತ್ತಿರ ಔಷಧಿಯನ್ನೇ ಕೇಳಿರಲಿಲ್ಲ.

ಅತ್ತೆಯನ್ನು ಹೊರಗೆ ಕೂರಿಸಿ ಸೊಸೆಯನ್ನು ಕೇಳಿದೆ, ನಿನಗೆ ಏನಮ್ಮ ಇಷ್ಟ ಎಂದು.

"ಇನ್ನೊಂದ್ ಮಗ ಬೇಕು ಅಂತ ಆಸೆ ಅದೆ ಡಾಕ್ಟ್ರಮ್ಮ," ಎಂದಳು. ಅವಳ ತವರು ಬೆಳಕವಾಡಿ ಕಡೆ. ಮಾತು ಮೆತ್ತಗೆ, ನೆಲಕ್ಕೆ ಹೇಳಿದ ಹಾಗೆ. "ಆದ್ರೆ ಈ ವಾಸ್ನೆ ತಡ್ಯಕಾಗಾಕಿಲ್ಲ. ನಮ್ಮನೆಯವ್ರು ಜಗ್ಲಿ ಮೇಲೆ ಮನೀಕತ್ತಾರೆ ಈಗ. ಕುಯ್ದ್ರೆ ವಾಸ್ನೆ ಓಯ್ತದೆ ಅನ್ನಾದಾದ್ರೆ ಕುಯ್ಲಿ ಬುಡಿ."

ನಮ್ಮ ನರ್ಸು ಸ್ಪಿರಿಟ್ಟಿನ ಹತ್ತಿಯಿಂದ ಅವಳ ಬೆರಳು ಒರೆಸಿ, ಚುಚ್ಚಿ, ಒಂದು ತೊಟ್ಟು ರಕ್ತವನ್ನು ಯಂತ್ರಕ್ಕೆ ಕೊಟ್ಟರು. ಮುನ್ನೂರು ದಾಟಿತ್ತು. ನರ್ಸು ಅನುಭವಸ್ಥರು. "ಉಚ್ಚೆ ಮಾಡಿದ ಕಡೆ ಇರುವೆ ಮುತ್ತುತ್ತವೇನಮ್ಮ?" ಎಂದು ಕೇಳಿದರು. ಬಚ್ಚಲ ತುಂಬ ಇರುವೆ ಎಂದಳು ಸೊಸೆ. ಎರಡು ಊರಿನ ಎರಡು ಯಂತ್ರ, ಜೊತೆಗೆ ಇರುವೆ. ಇನ್ನು ಅನುಮಾನ ಎಲ್ಲಿಂದ ಬರಬೇಕು?

ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿ ಸ್ಪೆಕ್ಯುಲಮ್ ಹಾಕಿ ನೋಡಿದೆ. ಒಳಗೆಲ್ಲ ಬೆಳ್ಳಗೆ, ಗಟ್ಟಿ ಮೊಸರಿನಂತೆ ಅಂಟಿಕೊಂಡಿತ್ತು. ಫಂಗಸ್ ಸೋಂಕಿಗೆ ಪುಸ್ತಕ ಕೊಡುವ ಹೋಲಿಕೆಯೂ ಅದೇ, ಮೊಸರಿನಂಥ ಸ್ರಾವ. ಮೈಯಲ್ಲಿ ಸಕ್ಕರೆ ಏರಿದ್ದರೆ ಈ ಫಂಗಸ್ ಮತ್ತೆ ಮತ್ತೆ ಬರುತ್ತದೆ, ಎಷ್ಟು ಗುಳಿಗೆ ನುಂಗಿದರೂ ಹೋಗುವುದಿಲ್ಲ. ಎಲ್ಲವೂ ಕೂಡಿಬಂತು. ನನಗೆ ಒಳಗೊಳಗೇ ಹಿಗ್ಗೇ ಆಯಿತು. ರಾತ್ರಿ ಒಳಗೆ ಇಟ್ಟುಕೊಳ್ಳುವ ಮಾತ್ರೆ ಬರೆದು, ಬೆರಳಲ್ಲಿ ಎಷ್ಟು ಆಳಕ್ಕೆ ಇಡಬೇಕು, ಇಟ್ಟ ಮೇಲೆ ಏಳಬಾರದು ಎಂದು ಕೈಯಲ್ಲೇ ತೋರಿಸಿಕೊಟ್ಟೆ. ಸಕ್ಕರೆಗೆ ಎರಡು ಬಗೆಯ ಮಾತ್ರೆ ಕೊಟ್ಟೆ. ಅತ್ತೆಯನ್ನು ಒಳಗೆ ಕರೆದು, "ಸಕ್ಕರೆ ಇಳಿದರೆ ಬಿಳಿ ತಾನಾಗೇ ನಿಲ್ಲುತ್ತೆ, ಗರ್ಭಕೋಶದ ಮಾತು ಎತ್ತಬೇಡಿ" ಎಂದು ಜಂಬದಿಂದಲೇ ಹೇಳಿದೆ.

ಮತ್ತೆ ಬಂದಾಗ ಏನೂ ಇಳಿದಿರಲಿಲ್ಲ. ಸಕ್ಕರೆ ಇನ್ನೂ ಮೇಲೆ ಹೋಗಿತ್ತು. ಒಳಗೆ ಅದೇ ಮೊಸರು.

"ಬೆಲ್ಲ ತಿಂತಿದ್ದೀಯಾ?" ಎಂದು ಗದರಿಸಿದೆ.

"ದೇವ್ರಾಣೆಗೂ ಇಲ್ಲ. ಟೀಗೂ ಆಕಳ್ತಿಲ್ಲ ಡಾಕ್ಟ್ರಮ್ಮ."

ನಾನು ನಂಬಲಿಲ್ಲ. ದಿನವೆಲ್ಲ ಬೆಲ್ಲದ ಮಧ್ಯೆ ಕೂರುವವಳು ಒಂದು ಚೂರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಮಾತ್ರೆಯ ಪ್ರಮಾಣ ಹೆಚ್ಚಿಸಿದೆ. ಫಂಗಸ್ಸಿಗೆ ನುಂಗುವ ಮಾತ್ರೆಯನ್ನೂ ಸೇರಿಸಿದೆ. ಸ್ರಾವದ ಸ್ಯಾಂಪಲ್ಲನ್ನು ಮಂಡ್ಯದ ಲ್ಯಾಬಿಗೆ ಕಳಿಸಿದೆ. ಅದು ಬೇರೆ ಊರಿನ ಸ್ಯಾಂಪಲ್ಲುಗಳ ಜೊತೆ ಸುತ್ತಿ ಸುತ್ತಿ ಸಂಜೆ ಹೊತ್ತಿಗೆ ತಲುಪಿತಂತೆ. ವರದಿ ಬಂತು: ಕೀವು ಕಣಗಳು ಹೆಚ್ಚಿವೆ, ಫಂಗಸ್ ಕಾಣಲಿಲ್ಲ.

ಫಂಗಸ್ ಇಲ್ಲವೆಂದರೆ ನಾನು ಕಣ್ಣಾರೆ ಕಂಡದ್ದೇನು? ಔಷಧಿ ಹಾಕಿದ ಮೇಲೆ ಸ್ಯಾಂಪಲ್ ತೆಗೆದದ್ದಕ್ಕೆ ಹೀಗಾಗಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಸಮಾಧಾನವೇನೂ ಆಗಲಿಲ್ಲ. ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ. ಇಷ್ಟು ಸಕ್ಕರೆ ಇರುವವರು ನೀರು ನೀರು ಎನ್ನುತ್ತಾರೆ, ಅವಳಿಗೆ ಬಾಯಾರಿಕೆ ಇಲ್ಲ. ತೂಕ ಇಳಿಯಬೇಕು, ಇಳಿದಿಲ್ಲ. ರಾತ್ರಿ ಎದ್ದೆದ್ದು ಬಚ್ಚಲಿಗೆ ಹೋಗಬೇಕು, ಅದೂ ಇಲ್ಲ. ಕಾಯಿಲೆ ಯಂತ್ರದಲ್ಲಿ ಮಾತ್ರ ಇದೆ, ಹೆಂಗಸಿನಲ್ಲಿ ಇಲ್ಲ. ತೋಳಿನಿಂದ ರಕ್ತ ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು, ಆದರೆ ಅದನ್ನು ನೋಡುವ ನಮ್ಮ ದೊಡ್ಡ ಯಂತ್ರ ರಿಪೇರಿಗೆ ಹೋಗಿ ಮರಳಿ ಬಂದಿರಲಿಲ್ಲ. ಮದ್ದೂರಿಗೆ ಹೋಗಿ ಮಾಡಿಸಿಕೊಂಡು ಬನ್ನಿ ಎಂದರೆ ಅತ್ತೆ, "ಒಲೆ ಹೊತ್ಕೊಂಡ್ ಕುಂತದೆ, ಕಬ್ಬು ಒಣಗ್ತದೆ, ಈಗ್ಯಾರು ಮದ್ದೂರ್ಗೋಗಾರು?" ಎಂದಿದ್ದರು.

ಹೋಗುವ ಮುಂಚೆ ಅವರು ಇನ್ನೊಂದು ಮಾತನ್ನೂ ಹೇಳಿದ್ದರು. "ಸುಗರ್ ಇದ್ರೂ ಪರ್ವಾಗಿಲ್ಲ, ಮಾಡ್ತೀವಿ ಅಂತ ಇನ್ನೊಂದ್ ಕಡೆ ಒಪ್ಕೊಂಡವ್ರೆ ಕಣವ್ವ. ನಿಮ್ ಮಾತ್ಗೆ ಬೆಲೆ ಕೊಟ್ಟು ಈ ಸಲ ನೋಡ್ತೀನಿ. ಇಳೀನಿಲ್ಲ ಅಂದ್ರೆ ಕರ್ಕೊಂಡೋಯ್ತೀನಿ." ನನ್ನ ಕೈಯಲ್ಲಿದ್ದ ಒಂದೇ ತಡೆ ಸಕ್ಕರೆಯದು. ಅದೂ ಈಗ ತಡೆಯಾಗಿ ಉಳಿಯುವ ಹಾಗಿರಲಿಲ್ಲ.

ಆ ವಾರ ಕಳೆಯುವ ಮುಂಚೆಯೇ ಒಂದು ಮಧ್ಯಾಹ್ನ ಗಂಡ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದ. ಹಿಂದಿನಿಂದ ಅತ್ತೆ ಅವಳನ್ನು ಹಿಡಿದುಕೊಂಡು ಕೂತಿದ್ದರು. ಸೊಸೆಗೆ ಕಾಲು ನಿಲ್ಲುತ್ತಿರಲಿಲ್ಲ. ಹಣೆ ಕತ್ತಿನ ಮೇಲೆ ತಣ್ಣನೆಯ ಬೆವರು, ಮೈಯೆಲ್ಲ ನಡುಕ, ಮಾತು ತೊದಲು.

"ಕೊಪ್ಪರ್ಗೆ ಮುಂದೇನೇ ತೂಗಾಡ್ಬುಟ್ಲು ಮೇಡಮ್ಮು," ಎಂದ ಗಂಡ. ಅವನ ತುಟಿಯೂ ಒಣಗಿತ್ತು. "ಇನ್ನೊಂದ್ ಹೆಜ್ಜೆ ಇಟ್ಟಿದ್ರೆ ಕುದಿಯಾ ಪಾಕದೊಳಕ್ಕೇ ಬಿದ್ದೋಗೋಳು."

ನರ್ಸು ಬೆರಳು ಒರೆಸಿ ಚುಚ್ಚಿದರು. ಯಂತ್ರ ಮುನ್ನೂರ ಹನ್ನೆರಡು ತೋರಿಸಿತು.

ನಾನು ಆ ಅಂಕಿಯನ್ನೂ ಅವಳ ಮುಖವನ್ನೂ ನೋಡುತ್ತಾ ನಿಂತೆ. ಬೆವರು, ನಡುಕ, ತೊದಲು, ಇವೆಲ್ಲ ಸಕ್ಕರೆ ಪಾತಾಳಕ್ಕೆ ಇಳಿದವರ ಲಕ್ಷಣ. ಅಂಕಿ ಮಾತ್ರ ಆಕಾಶದಲ್ಲಿದೆ. ಅಂಕಿ ನಿಜವಾಗಿದ್ದರೆ ಗ್ಲೂಕೋಸ್ ಕೊಡಬಾರದು. ಮುಖ ನಿಜವಾಗಿದ್ದರೆ ಕೊಡದೆ ನಿಂತ ಒಂದೊಂದು ಗಳಿಗೆಯೂ ಅಪಾಯ. ಇಷ್ಟು ವರ್ಷದ ಕೆಲಸದಲ್ಲಿ ಏನು ಮಾಡಬೇಕೆಂದು ತೋಚದೆ ಹಾಗೆ ನಿಂತದ್ದು ಕಡಿಮೆ. ನರ್ಸು ನನ್ನನ್ನು ನೋಡುತ್ತಿದ್ದರು, ನಾನು ಯಂತ್ರವನ್ನು ನೋಡುತ್ತಿದ್ದೆ.

ನಾಡಿ ನೋಡೋಣವೆಂದು ಅವಳ ಕೈ ಹಿಡಿದೆ. ನೋಡಿ ಬಿಡಲು ಹೋದರೆ ನನ್ನ ಬೆರಳು ಅವಳ ಬೆರಳಿಗೆ ಅಂಟಿಕೊಂಡಿತು. ಎಳೆದರೆ ಬೆಲ್ಲದ ಸಣ್ಣ ನೂಲು.

"ಕೈ ತೊಳೆಸಿ," ಎಂದು ಕೂಗಿದೆ. "ಹತ್ತಿಯಲ್ಲಿ ಅಲ್ಲ, ಸೋಪು ನೀರು ಹಾಕಿ ತೊಳೆಸಿ!"

ಬೋಗುಣಿಯಲ್ಲಿ ನೀರು ತಂದು ನರ್ಸು ಅವಳ ಬೆರಳುಗಳನ್ನು ಉಗುರಿನ ಸಂದಿಯವರೆಗೆ ಉಜ್ಜಿ ತೊಳೆದು, ಒರೆಸಿ, ಮತ್ತೆ ಚುಚ್ಚಿದರು. ಐವತ್ತೆಂಟು.

ಸ್ಪಿರಿಟ್ಟಿನ ಹತ್ತಿ ಕ್ರಿಮಿ ಒರೆಸಬಹುದು, ಒಣಗಿ ಕೂತ ಬೆಲ್ಲವನ್ನು ಪೂರ್ತಿ ಒರೆಸುವುದಿಲ್ಲ. ತೊಟ್ಟು ರಕ್ತಕ್ಕೆ ಬೆರಳ ಮೇಲಿನ ಬೆಲ್ಲ ಬೆರೆತು ಯಂತ್ರಕ್ಕೆ ಹೋಗುತ್ತಿತ್ತು. ಮಂಡ್ಯದಲ್ಲೂ ಅಷ್ಟೇ, ನಮ್ಮಲ್ಲೂ ಅಷ್ಟೇ. ನಾವೆಲ್ಲ ಸೇರಿ ಇಷ್ಟು ಕಾಲ ಚಿಕಿತ್ಸೆ ಕೊಟ್ಟದ್ದು ಅವಳ ಬೆರಳಿನ ಬೆಲ್ಲಕ್ಕೆ. ಆ ಮಾತ್ರೆಗಳು ಇಲ್ಲದ ಕಾಯಿಲೆಯನ್ನು ಹುಡುಕಿಕೊಂಡು ಹೋಗಿ ಅವಳ ಮೈಯ ಸಕ್ಕರೆಯನ್ನು ಇಳಿಸಿಬಿಟ್ಟಿದ್ದವು. ನನಗೆ ನನ್ನ ಮೇಲೇ ಸಿಟ್ಟು ಬಂತು, ಆ ಯಂತ್ರದ ಮೇಲೂ ಬಂತು. ಆಮೇಲೆ ಇರುವೆಗಳ ಮೇಲೂ ಬಂತು. ಅವು ಮುತ್ತುತ್ತಿದ್ದದ್ದು ಬಚ್ಚಲಲ್ಲಿ ನೆನೆಹಾಕಿದ ಅವಳ ಬೆಲ್ಲದ ಸೀರೆಗೆ ಎಂದು ಅತ್ತೆಯನ್ನು ಕೇಳಿದ ಮೇಲೆ ಗೊತ್ತಾಯಿತು.

ಗ್ಲೂಕೋಸ್ ಕೊಟ್ಟು ಮಲಗಿಸಿದೆವು. ಸ್ವಲ್ಪ ಹೊತ್ತಿಗೆ ನಡುಕ ನಿಂತು ಕಣ್ಣು ತಿಳಿಯಾಯಿತು. ಮತ್ತೆ ಇಳಿಯಬಹುದೆಂದು ಸಂಜೆಯವರೆಗೂ ಬಿಡಲಿಲ್ಲ, ಅನ್ನ ಉಣ್ಣಿಸಿ ಆಗಾಗ ಬೆರಳು ನೋಡುತ್ತಿದ್ದೆವು. ತೋಳಿನಿಂದ ರಕ್ತ ತೆಗೆದು ಗಂಡನ ಕೈಗೇ ಕೊಟ್ಟು ಮದ್ದೂರಿಗೆ ಓಡಿಸಿದೆ.

ಸಕ್ಕರೆ ಕಾಯಿಲೆಯೇ ಇಲ್ಲವೆಂದ ಮೇಲೆ ಫಂಗಸ್ಸಿನ ನನ್ನ ಲೆಕ್ಕವೂ ಕುಸಿದು ಬಿದ್ದ ಹಾಗಾಯಿತು. ಆದರೆ ಆ ಮೊಸರು? ಅದನ್ನು ನಾನೇ ಎರಡು ಸಲ ನೋಡಿದ್ದೇನೆ. ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ.

"ಕೆಳಗಡೆಗೆ ಏನಾದರೂ ಹಚ್ಚಿಕೊಳ್ಳುತ್ತೀಯೇನಮ್ಮ?"

ಅವಳು ಗೋಡೆ ಕಡೆ ತಿರುಗಿದಳು. "ಮೊಸ್ರು," ಎಂದಳು.

"ಏನು?"

"ತಂಪು ಅಂತ ನಮ್ಮತ್ತೆ ಯೋಳಿದ್ರು. ದಿನಾ ಇಲ್ಲ. ಇಲ್ಲಿಗ್ ಬರಾಕ್ ಮುಂಚೆ ಮಾತ್ರ ಜಾಸ್ತಿ ಆಕಂಡ್ ಬತ್ತಿದ್ದೆ." ಸೆರಗನ್ನು ಮುಖಕ್ಕೆ ಎಳೆದುಕೊಂಡಳು. "ವಾಸ್ನೆ ನಿಮ್ಗೆ ಬಡೀದೆ ಇರ್ಲಿ ಅಂತವ."

ಪುಸ್ತಕದಲ್ಲಿ ಮೊಸರಿನಂತೆ ಎಂದಿತ್ತು. ನಾನು ನೋಡಿದ್ದು ಮೊಸರನ್ನೇ. ನಗು ಬರಬೇಕಿತ್ತು, ಬರಲಿಲ್ಲ. ಡಾಕ್ಟರಿಗೆ ತೊಂದರೆಯಾಗಬಾರದೆಂದು ಕಾಯಿಲೆಯನ್ನೇ ಮುಚ್ಚಿಕೊಂಡು ಡಾಕ್ಟರ ಹತ್ತಿರ ಬರುತ್ತಿದ್ದ ಹೆಂಗಸು ಇವಳು.

"ಇವತ್ತು?"

"ಇವತ್ತೆಲ್ಲಿ? ಬಿದ್ದೋಗಿದ್ನಲ್ಲ."

ಹಾಗಾದರೆ ನೋಡಬೇಕಾದದ್ದು ಇವತ್ತೇ, ಈಗಲೇ. ಮಂಡ್ಯಕ್ಕೆ ಕಳಿಸುವುದು ಬೇಡವೆಂದು ಅಲ್ಲೇ ತೀರ್ಮಾನಿಸಿದೆ. ಸ್ಯಾಂಪಲ್ಲು ತಣ್ಣಗಾಗಿ ಒಣಗಿದರೆ ಕೆಲವು ಜೀವಿಗಳು ಅಲುಗಾಟ ನಿಲ್ಲಿಸುತ್ತವೆ. ನಿಂತ ಮೇಲೆ ಅವನ್ನು ಕೀವು ಕಣದಿಂದ ಬೇರೆ ಮಾಡಿ ಗುರುತಿಸುವುದು ಕಷ್ಟ. ಕಫ ಪರೀಕ್ಷೆಗೆ ಬಳಸುವ ಸೂಕ್ಷ್ಮದರ್ಶಕ ಪಕ್ಕದ ಕೋಣೆಯಲ್ಲೇ ಇತ್ತು. ಅದನ್ನು ಹೊತ್ತು ತಂದು ಪರೀಕ್ಷೆಯ ಮೇಜಿನ ಪಕ್ಕದಲ್ಲೇ ಇಡಿಸಿದೆ.

ಮೊಸರಿಲ್ಲದೆ ನೋಡಿದಾಗ ಅದು ಬೇರೆಯೇ ಲೋಕ. ಹಳದಿ ಹಸಿರು ಬೆರೆತ, ನೊರೆ ನೊರೆಯಾದ ಸ್ರಾವ. ಗರ್ಭಕೋಶದ ಬಾಯಿಯ ಮೇಲೆ ಕೆಂಪು ಚುಕ್ಕಿಗಳು. ವಾಸನೆಯೂ ಇತ್ತು, ಅವಳು ಹೇಳಿದ್ದು ಸುಳ್ಳಲ್ಲ. ಹತ್ತಿಕಡ್ಡಿಯಿಂದ ಸ್ವಲ್ಪ ತೆಗೆದು, ಗಾಜಿನ ಮೇಲೆ ಒಂದು ಹನಿ ಸಲೈನಿಗೆ ಬೆರೆಸಿ, ಮೇಲೊಂದು ತೆಳು ಗಾಜು ಮುಚ್ಚಿ, ಬಿಸಿ ಆರುವ ಮುಂಚೆ ಕಣ್ಣಿಟ್ಟೆ. ಮೊದಲು ಏನೂ ಕಾಣಲಿಲ್ಲ, ಬರೀ ಕಣಗಳು. ಬೆಳಕು ಕಡಿಮೆ ಮಾಡಿ ಗಾಜನ್ನು ಮೆಲ್ಲಗೆ ಸರಿಸಿದೆ. ಒಂದು ಕಡೆ ಕಣವೊಂದು ಅಲುಗಿತು. ಅದರ ಪಕ್ಕದ್ದೂ ಅಲುಗಿತು. ನೋಡನೋಡುತ್ತಾ ಅಲ್ಲೆಲ್ಲ ಬಾಲ ಬೀಸಿಕೊಂಡು ತಿರುಗುವವೇ. ಟ್ರೈಕೋಮೊನಾಸ್. ಪುಸ್ತಕದ ಮೂರನೆಯದು, ಗಂಡ ಹೆಂಡತಿಯ ನಡುವೆ ಓಡಾಡುವುದು.

ನರ್ಸು ಬಗ್ಗಿ ನೋಡಿ, "ಗೊದಮೊಟ್ಟೆ ಆಡಿದ ಹಂಗೆ ಆಡ್ತವಲ್ಲ ಮೇಡಂ!" ಎಂದರು.

ಸೊಸೆಗೂ ನೋಡಬೇಕೆನಿಸಿತು. ಸೀರೆ ಸರಿಮಾಡಿಕೊಂಡು ಬಂದು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಇವೇಯಾ ನನ್ ಈಟು?" ಎಂದಳು.

ಅತ್ತೆಯನ್ನೂ, ಮದ್ದೂರಿನಿಂದ ಬಂದ ಗಂಡನನ್ನೂ ಕೂರಿಸಿಕೊಂಡು ಮಾತಾಡಿದ್ದು ಆ ದಿನದ ಅತಿ ಕಷ್ಟದ ಕೆಲಸ. ಇದಕ್ಕೆ ಮಾತ್ರೆ ಇದೆ, ಬೆಳಿಗ್ಗೆ ಸಂಜೆ ಒಂದು ವಾರ, ಗರ್ಭಕೋಶಕ್ಕೆ ಚಾಕು ತಗಲಿಸಬೇಕಿಲ್ಲ ಎಂದಾಗ ಇಬ್ಬರೂ ತಲೆ ಆಡಿಸಿದರು. ಗಂಡನೂ ನುಂಗಬೇಕು ಎಂದೆ, ತಲೆ ಆಡುವುದು ನಿಂತಿತು.

"ನಂಗೇನಾಗದೆ ಮೇಡಮ್ಮು? ನಾನು ಚೆನ್ನಾಗೇ ಇವ್ನಿ."

"ಗಂಡಸರಲ್ಲಿ ಬಹಳ ಸಲ ಏನೂ ಕಾಣದೆ ಒಳಗೇ ಇರುತ್ತೆ. ನೀವು ನುಂಗದಿದ್ದರೆ ಅವಳಿಗೆ ವಾಪಸ್ಸು ಬರುತ್ತೆ. ಇಬ್ಬರದೂ ಮುಗಿಯುವವರೆಗೆ ಕೂಡಬಾರದು. ಮಾತ್ರೆ ತಗೊಳ್ಳುವಾಗ ಎಣ್ಣೆನೂ ಮುಟ್ಟಬಾರದು, ಗೊತ್ತಲ್ಲ ಯಾವ ಎಣ್ಣೆ ಅಂತ. ರಕ್ತದಲ್ಲಿ ಇನ್ನೊಂದೆರಡು ಪರೀಕ್ಷೆ ಇಬ್ಬರಿಗೂ ಮಾಡುತ್ತೇವೆ."

ಅತ್ತೆ ಕಣ್ಣು ಸಣ್ಣದು ಮಾಡಿ ಸೊಸೆಯನ್ನು ನೋಡಿದರು. "ಅಂಗಾರೆ ಇದು ಯಾರಿಂದ ಬಂದಾದು?"

ಗಂಡ ನೆಲ ನೋಡಿದ. ಸೊಸೆ ನನ್ನನ್ನು ನೋಡಿದಳು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈ ಜೀವಿ ಸದ್ದಿಲ್ಲದೆ ಎಷ್ಟೋ ಕಾಲ ಕೂತಿರಬಹುದು. ಯಾರು ಮೊದಲು, ಯಾರು ಆಮೇಲೆ ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ.

"ಅದು ಈ ಯಂತ್ರಕ್ಕೆ ಕಾಣಿಸಲ್ಲ ಕಣಮ್ಮ," ಎಂದೆ. "ಕಾಣದ್ದನ್ನು ಕಂಡೆ ಅಂತ ಈಗಾಗಲೇ ಒಂದು ಸಲ ಹೇಳಿ ಸಾಕಾಗಿದೆ."

ಗಂಡ ಕೈ ಚಾಚಿ ಮಾತ್ರೆ ತಗೊಂಡ. ಯಾಕೆ ಅಷ್ಟು ಬೇಗ ಒಪ್ಪಿದನೋ, ಕೊಪ್ಪರಿಗೆಯ ಮುಂದೆ ಅವಳು ತೂಗಾಡಿದ್ದು ಕಣ್ಣ ಮುಂದೆ ಇತ್ತೋ, ಬೇರೆ ಏನಾದರೂ ನೆನಪಾಯಿತೋ, ನನಗೆ ಇವತ್ತಿಗೂ ತಿಳಿಯದು. ಕೇಳಲೂ ಇಲ್ಲ. ಮದ್ದೂರಿನ ವರದಿಯಲ್ಲಿ ಅವಳ ಹಿಂದಿನ ಕೆಲವು ತಿಂಗಳ ಸಕ್ಕರೆಯ ಸರಾಸರಿಯೂ ಇತ್ತು. ಅದೂ ಸರಿಯಾಗಿಯೇ ಇತ್ತು. ಸಕ್ಕರೆ ಮಾತ್ರೆಗಳನ್ನೆಲ್ಲ ವಾಪಸ್ಸು ಇಸಿದುಕೊಂಡೆ.

ಕಬ್ಬು ಅರೆಯುವುದು ಮುಗಿಯುವ ಹೊತ್ತಿಗೆ ಅವರು ಮತ್ತೆ ಬಂದರು. ಒಳಗೆ ನೋಡಿದೆ, ನೊರೆ ಇಲ್ಲ, ಚುಕ್ಕಿ ಇಲ್ಲ, ಮೊಸರೂ ಇಲ್ಲ. ಗಾಜಿನ ಮೇಲೆ ಎಷ್ಟು ಹುಡುಕಿದರೂ ಏನೂ ಅಲುಗಲಿಲ್ಲ. ರಕ್ತದ ಬೇರೆ ಪರೀಕ್ಷೆಗಳಲ್ಲೂ ಇಬ್ಬರಿಗೂ ಏನೂ ಇರಲಿಲ್ಲ. ಗಂಡ ಜಗಲಿಯಿಂದ ಒಳಗೆ ಬಂದಿದ್ದಾನೆ ಎಂಬುದನ್ನು ಸೊಸೆ ಹೇಳಲಿಲ್ಲ, ಅತ್ತೆಯೇ ಹೇಳಿದರು.

"ಅಲ್ಲ ಕಣವ್ವ, ಸುಗರೂ ಇರ್ನಿಲ್ಲ, ಈಟೂ ಇರ್ನಿಲ್ಲ. ಅಷ್ಟ್ ದಿನ ನೀನು ನೋಡಿದ್ದೇನು?"

"ನಿಮ್ಮ ಬೆಲ್ಲ, ನಿಮ್ಮ ಮೊಸರು," ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಮಡಿಲಿನಿಂದ ಕಾಗದದಲ್ಲಿ ಸುತ್ತಿದ ಅಚ್ಚು ಬೆಲ್ಲ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದರು.

ಬೆರಳು ಚುಚ್ಚುವ ಮೇಜಿನ ಮೇಲೆ ಈಗ 'ಮೊದಲು ಸೋಪಿನಲ್ಲಿ ಕೈ ತೊಳೆಯಿರಿ' ಎಂದು ಬರೆಸಿ ಹಾಕಿದ್ದೇನೆ. ಸೊಸೆ ಅದನ್ನು ಓದಿದಳು. ನಲ್ಲಿಗೆ ಹೋಗಿ ಎರಡು ಕೈಯನ್ನೂ ತೊಳೆದುಕೊಂಡು ಬಂದು, ಇವತ್ತು ಚುಚ್ಚುವುದೇನೂ ಇಲ್ಲ ಎಂದರೂ ನನ್ನ ಮುಂದೆ ಚಾಚಿದಳು.

"ಡಾಕ್ಟ್ರಮ್ಮ, ಅವತ್ತು ಮಂಡ್ಯದಾಗೆ ನಾನು ಇಂಗೇ ಕೈ ತೊಳ್ಕೊಂಡೋಗಿದ್ರೆ?"

ಬೋರ್ಡು ಬರೆಸುವಾಗ ನನಗೆ ಅದು ಹೊಳೆದೇ ಇರಲಿಲ್ಲ. ಅವತ್ತು ಅವಳ ಕೈ ಶುದ್ಧವಾಗಿದ್ದಿದ್ದರೆ ಸಕ್ಕರೆ ಸರಿಯಾಗಿಯೇ ಬರುತ್ತಿತ್ತು. ಸಕ್ಕರೆ ಸರಿಯಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಅವಳನ್ನು ಕೊಪ್ಪರಿಗೆಗೆ ಬೀಳಿಸಲು ಹೊರಟಿದ್ದೂ ಆ ಬೆಲ್ಲವೇ, ಚಾಕು ತಗಲದಂತೆ ಕಾದದ್ದೂ ಆ ಬೆಲ್ಲವೇ. ನಾನು ಆ ಬೋರ್ಡನ್ನೂ ಅವಳ ಕೈಯನ್ನೂ ನೋಡಿದೆ.

"ಅವತ್ತೇ ಕುಯ್ದಿರೋರು, ಅಲ್ವಾ?" ಎಂದಳು.

"ಹೌದು ಕಣಮ್ಮ," ಎಂದೆ.

ಅವಳು ತನ್ನ ಒದ್ದೆ ಕೈಗಳನ್ನು ಒಂದು ಗಳಿಗೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಸೆರಗಿನಲ್ಲಿ ಒರೆಸಿಕೊಂಡು, ಅತ್ತೆ ಕೂಗುತ್ತಿದ್ದರೆಂದು ಹೊರಗೆ ಹೋದಳು.